ಬಾಲ್ಯದ ಅಗಲಿಕೆ ಮತ್ತು ಆಯುಷ್ಯದ ಆರೋಗ್ಯ: ಫಿನ್ಲೆಂಡಿನ ಯುದ್ಧಕಾಲದ ಮಕ್ಕಳ ಚರಿತ್ರೆ

೧

ರಾಜವಂಶಗಳ ಚರಿತ್ರೆಯನ್ನು ಬರೆಯುವವನಿಗೆ ಶಾಸನಗಳುಂಟು, ನಾಣ್ಯಗಳುಂಟು, ಕಾವ್ಯಗಳ ಪೀಠಿಕಾಪದ್ಯಗಳುಂಟು. ಮಕ್ಕಳ ಚರಿತ್ರೆಯನ್ನು ಬರೆಯಹೊರಟವನಿಗೆ ಇಂತಹ ಆಧಾರಗಳು ಬಹು ವಿರಳ. ಮಗು ತನ್ನ ಅನುಭವವನ್ನು ತಾನೇ ಬರೆದಿಡಲಾರದು; ಅದರ ಪರವಾಗಿ ಬರೆಯುವ ಹಿರಿಯರು ತಮಗೆ ಕಂಡುದನ್ನು, ಅನೇಕ ವೇಳೆ ತಮಗೆ ಹಿತವಾಗಿ ಕಂಡುದನ್ನು, ಬರೆಯುವರು. ಎಳೆಯ ವಯಸ್ಸಿನಲ್ಲಿ ಒದಗಿದ ದುಃಖವು ಕಾಲಕ್ರಮದಲ್ಲಿ ತಾನಾಗಿ ಅಳಿದುಹೋಗುವುದೆಂದೂ, ಬುದ್ಧಿ ಬಲಿಯದ ಜೀವಕ್ಕೆ ನೋವಿನ ನೆನಪು ನಿಲ್ಲದೆಂದೂ ನಾವು ಬಹುಕಾಲದಿಂದ ನಂಬಿಕೊಂಡು ಬಂದಿದ್ದೇವೆ. 'ಮಕ್ಕಳು, ನಾಲ್ಕು ದಿನ ಅತ್ತು ಮರೆತುಬಿಡುತ್ತವೆ' ಎಂಬ ಮಾತು ಯಾವ ಮನೆಯಲ್ಲಿ ಕೇಳಿಬಂದಿಲ್ಲ?

ಈ ನಂಬಿಕೆ ಎಷ್ಟರಮಟ್ಟಿಗೆ ನಿಜವೆಂಬ ಪ್ರಶ್ನೆಯನ್ನು ವೈದ್ಯಶಾಸ್ತ್ರವು ಕಳೆದ ಎಂಬತ್ತು ವರ್ಷಗಳಿಂದ ಪರಿಶೀಲಿಸುತ್ತ ಬಂದಿದೆ. ಬಾಲ್ಯದ ಆಘಾತವು ಮನಸ್ಸಿನಿಂದ ಮರೆಯಾದರೂ ಶರೀರದಿಂದ ಮರೆಯಾಗಬೇಕೆಂಬ ನಿಯಮವಿಲ್ಲ. ಅರುವತ್ತು ವರ್ಷಗಳ ಮೇಲೆ ಅದು ಹೃದ್ರೋಗವಾಗಿ, ಮಧುಮೇಹವಾಗಿ, ಕಾರಣ ತಿಳಿಯದ ಖಿನ್ನತೆಯಾಗಿ ತಲೆಯೆತ್ತಬಹುದು ಎಂಬುದು ಈ ಪರಿಶೀಲನೆಯ ಒಟ್ಟು ಫಲಿತಾಂಶ. ಇಂತಹ ನಿರ್ಣಯಕ್ಕೆ ವಿದ್ವಾಂಸರು ಬಂದ ಬಗೆ ಹೇಗೆ? ಅದಕ್ಕೆ ಸಂಬಂಧಿಸಿದ ಚರಿತ್ರೆಗಳಲ್ಲಿ ಫಿನ್ಲೆಂಡ್ ದೇಶದ ಯುದ್ಧಕಾಲದ ಮಕ್ಕಳದು ಅತ್ಯಂತ ಬೋಧಪ್ರದವಾದುದು. ಲೆಕ್ಕದ ಪುಸ್ತಕಗಳ ನಡುವೆ ವೃತ್ತಿಜೀವನ ನಡೆಸುವ ಪ್ರಸ್ತುತ ಲೇಖಕನ ಗಮನವನ್ನು ಈ ಚರಿತ್ರೆ ಸೆಳೆದುದಕ್ಕೆ ಒಂದು ವಿಶೇಷ ಕಾರಣವುಂಟು. ಇದರ ಮುಖ್ಯ ನಿರ್ಣಯಗಳೆಲ್ಲ ಬೇರೆಬೇರೆ ಉದ್ದೇಶಗಳಿಗಾಗಿ ಬರೆದಿಟ್ಟ ಎರಡು ಹಳೆಯ ದಾಖಲೆಗಳನ್ನು ತಾಳೆ ನೋಡಿದುದರಿಂದ ಹೊರಟವು.

೨

೧೯೩೯ನೆಯ ನವೆಂಬರ್ ೩೦ರಂದು ಸೋವಿಯತ್ ಸೈನ್ಯವು ಫಿನ್ಲೆಂಡಿನ ಮೇಲೆ ದಾಳಿಯಿಟ್ಟಿತು. ಅದೇ ದಿನ ರಾಜಧಾನಿಯಾದ ಹೆಲ್ಸಿಂಕಿಯ ಮೇಲೆ ಬಾಂಬುಗಳು ಬಿದ್ದವು. ಆಗ ಆ ದೇಶದ ಜನಸಂಖ್ಯೆ ನಲವತ್ತು ಲಕ್ಷಕ್ಕೂ ಕಡಮೆ. 'ಚಳಿಗಾಲದ ಯುದ್ಧ'ವೆಂದು ಹೆಸರಾದ ಈ ಕಾಳಗವು ೧೯೪೦ರ ಮಾರ್ಚ್ ೧೩ರಂದು ಮುಗಿದಾಗ ಕರೇಲಿಯಾ ಪ್ರಾಂತದ ಬಹುಭಾಗ ಕೈಬಿಟ್ಟು, ನಾಲ್ಕು ಲಕ್ಷಕ್ಕೂ ಮಿಕ್ಕಿದ ಜನರು ಮನೆಮಠಗಳನ್ನು ಕಳೆದುಕೊಂಡಿದ್ದರು. ೧೯೪೧ರ ಜೂನ್‌ನಲ್ಲಿ ಮತ್ತೆ ಯುದ್ಧ ಮೊದಲಾಗಿ ೧೯೪೪ರ ಸೆಪ್ಟೆಂಬರ್‌ವರೆಗೆ ನಡೆಯಿತು. ಗಂಡಸರು ರಣರಂಗದಲ್ಲಿ, ಹೆಂಗಸರು ಕಾರ್ಖಾನೆ ಹೊಲಗಳಲ್ಲಿ. ಮನೆಯಲ್ಲಿ ಹಿಟ್ಟಿಗೂ ಹಾಲಿಗೂ ಕೊರತೆ. ಹೀಗಿರಲು ನೆರೆಯ ತಟಸ್ಥ ರಾಷ್ಟ್ರವಾದ ಸ್ವೀಡನ್ನಿನ ಸಾವಿರಾರು ಕುಟುಂಬಗಳು ಫಿನ್ಲೆಂಡಿನ ಮಕ್ಕಳಿಗೆ ತಮ್ಮ ಮನೆಯ ಬಾಗಿಲು ತೆರೆದವು.

೧೯೩೯ರ ಡಿಸೆಂಬರಿನಲ್ಲಿ ಮೊದಲ ತಂಡ ಹೊರಟಿತು. ಯುದ್ಧ ಮುಗಿಯುವಷ್ಟರಲ್ಲಿ ತಂದೆತಾಯಿಗಳಿಲ್ಲದೆ ಪರದೇಶಕ್ಕೆ ಹೋದ ಮಕ್ಕಳ ಸಂಖ್ಯೆ ಸುಮಾರು ೭೦,೦೦೦. ಅವರಲ್ಲಿ ಬಹುತೇಕರು ಸ್ವೀಡನ್ನಿಗೆ, ಸುಮಾರು ನಾಲ್ಕು ಸಾವಿರ ಮಂದಿ ಡೆನ್ಮಾರ್ಕಿಗೆ ಹೋದರು. ಇನ್ನೂ ಶಾಲೆಯ ಮೆಟ್ಟಲು ಹತ್ತದ ಎಳೆಯರೂ ಅವರಲ್ಲಿ ಬಹಳ ಮಂದಿ ಇದ್ದರು. ಕೆಲವರು ಸಮುದ್ರಮಾರ್ಗವಾಗಿ ತುರ್ಕು ಬಂದರಿನಿಂದ ಸ್ಟಾಕ್‌ಹೋಮಿಗೂ, ಕೆಲವರು ರೈಲಿನಲ್ಲಿ ಉತ್ತರದ ಗಡಿಯೂರಾದ ತೋರ್ನಿಯೊವನ್ನು ದಾಟಿಯೂ ಹೋದರು. ಪ್ರತಿಯೊಂದು ಮಗುವಿನ ಕೊರಳಿನಲ್ಲಿ ಹೆಸರು, ಸಂಖ್ಯೆ ಬರೆದ ಒಂದು ಚೀಟಿಯನ್ನು ಕಟ್ಟಲಾಗುತ್ತಿತ್ತು. ಗಡಿಯಾಚೆ ವೈದ್ಯಪರೀಕ್ಷೆ, ಹೇನು ತೆಗೆಯುವ ಸ್ನಾನ, ಕೆಲವು ದಿನ ಬೇರೆಯಿರಿಸುವಿಕೆ; ಆಮೇಲೆ ಮನೆಮನೆಗೆ ಹಂಚಿಕೆ. ಒಡಹುಟ್ಟಿದವರು ಒಂದೇ ಮನೆಗೆ ಹೋಗುವರೆಂಬ ಭರವಸೆಯಿರಲಿಲ್ಲ. ಅಣ್ಣ ಒಂದು ಊರಿನಲ್ಲಿ, ತಂಗಿ ಇನ್ನೊಂದರಲ್ಲಿ ಉಳಿಯುವುದು ಸಾಮಾನ್ಯವಾಗಿತ್ತು.

ಭಾಷೆಯ ಸಂಗತಿ ನಮ್ಮ ವಾಚಕರಿಗೆ ವಿಶೇಷವಾಗಿ ಮನಮುಟ್ಟತಕ್ಕದ್ದು. ಫಿನ್ನಿಷ್ ಭಾಷೆಗೂ ಸ್ವೀಡಿಷ್ ಭಾಷೆಗೂ ವಂಶಸಂಬಂಧವಿಲ್ಲ. ಒಂದು ಉರಾಲಿಕ್ ಕುಲದ್ದು, ಇನ್ನೊಂದು ಜರ್ಮಾನಿಕ್ ಶಾಖೆಯದು. ಕನ್ನಡದ ಮಗುವನ್ನು ಏಕಾಕಿಯಾಗಿ ಬಂಗಾಳದ ಹಳ್ಳಿಯಲ್ಲಿ ಬಿಟ್ಟಂತೆ ಅವರ ಸ್ಥಿತಿಯಾಗಿತ್ತು. ಎಳೆಯ ಮಕ್ಕಳು ಕೆಲವೇ ತಿಂಗಳುಗಳಲ್ಲಿ ಹೊಸ ಭಾಷೆಯನ್ನು ಕಲಿತರು. ಅಷ್ಟೇ ಬೇಗ ಹಳೆಯದನ್ನು ಮರೆತರು. ಸಾಕುತಾಯಿಯನ್ನು 'ಅಮ್ಮ' ಎಂದರು. ಯುದ್ಧಾನಂತರ ಮರಳಿದಾಗ ಹೆತ್ತ ತಾಯಿ ಅಪರಿಚಿತಳು. ಆಕೆ ಆಡುವ ಮಾತು ತಿಳಿಯದು. ಮೊದಲ ಅಗಲಿಕೆಯ ಗಾಯ ಆರುವಷ್ಟರಲ್ಲಿ ಎರಡನೆಯ ಅಗಲಿಕೆ ಬಂದೊದಗಿತು. ಸಾವಿರಾರು ಮಕ್ಕಳು ಸ್ವೀಡನ್ನಿನಲ್ಲಿಯೇ ಶಾಶ್ವತವಾಗಿ ಉಳಿದುಬಿಟ್ಟರು.

ಇಲ್ಲಿ ಯಾರನ್ನೂ ಖಳರೆಂದು ಕರೆಯುವಂತಿಲ್ಲ. ಬಾಂಬಿನಿಂದಲೂ ಹಸಿವಿನಿಂದಲೂ ಪಾರುಮಾಡಬೇಕೆಂದು ತಾಯಂದಿರು ಕಳುಹಿಸಿದರು. ಪರರ ಮಕ್ಕಳಿಗೆ ಉಣಿಸಬೇಕೆಂಬ ಧರ್ಮಬುದ್ಧಿಯಿಂದ ಸ್ವೀಡನ್ನಿನ ಗೃಹಸ್ಥರು ಬರಮಾಡಿಕೊಂಡರು. ಕ್ಷಯ ಮೊದಲಾದ ರೋಗಗಳಿಂದ ನರಳುತ್ತಿದ್ದ ಅನೇಕ ಮಕ್ಕಳಿಗೆ ಅಲ್ಲಿ ಚಿಕಿತ್ಸೆಯೂ ದೊರೆಯಿತು. ಇಷ್ಟು ನಿರ್ಮಲವಾದ ಉಪಕಾರವೂ ಮಗುವಿನ ಮೇಲೆ ತನ್ನ ಗುರುತನ್ನು ಉಳಿಸಿಹೋಗಬಹುದೆ? ಈ ಚರಿತ್ರೆಯ ಮಹತ್ತ್ವವೆಲ್ಲ ಈ ಪ್ರಶ್ನೆಯಲ್ಲಿದೆ.

೩

ಫಿನ್ಲೆಂಡಿನ ಮೊದಲ ತಂಡ ಹೊರಡುತ್ತಿದ್ದ ತಿಂಗಳಿನಲ್ಲಿಯೇ ಲಂಡನ್ನಿನಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಬ್ರಿಟಿಷ್ ಸರಕಾರವು ೧೯೩೯ರ ಸೆಪ್ಟೆಂಬರ್ ೧ರಿಂದ ಮೊದಲುಗೊಂಡು ಮೂರು ದಿನಗಳಲ್ಲಿ ಸುಮಾರು ಹದಿನೈದು ಲಕ್ಷ ಜನರನ್ನು, ಅವರಲ್ಲಿ ಬಹುಪಾಲು ಮಕ್ಕಳನ್ನು, ನಗರಗಳಿಂದ ಹಳ್ಳಿಗಳಿಗೆ ಸಾಗಿಸಿತು. ಡಿಸೆಂಬರಿನಲ್ಲಿ ಜಾನ್ ಬೌಲ್ಬಿ, ಇಮ್ಯಾನ್ಯುಯಲ್ ಮಿಲ್ಲರ್, ಡೊನಾಲ್ಡ್ ವಿನಿಕಾಟ್ ಎಂಬ ಮೂವರು ವೈದ್ಯರು 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪತ್ರಿಕೆಗೆ ಕಾಗದ ಬರೆದು, ಎರಡರಿಂದ ಐದು ವರ್ಷದ ಮಕ್ಕಳನ್ನು ತಾಯಿಯಿಲ್ಲದೆ ಕಳುಹಿಸುವುದರಿಂದ ಮುಂದೆ ಮಾನಸಿಕ ಕೇಡುಂಟಾಗಬಹುದೆಂದು ಎಚ್ಚರಿಸಿದರು. ಯುದ್ಧದ ಗದ್ದಲದಲ್ಲಿ ಆ ಎಚ್ಚರಿಕೆಗೆ ದೊರೆತ ಮನ್ನಣೆ ಅಲ್ಪ. ಫಿನ್ಲೆಂಡಿನಲ್ಲಿಯೂ ಮಕ್ಕಳ ಸಾಗಣೆಯನ್ನು ಪತ್ರಿಕೆಗಳಲ್ಲಿ ಮುಕ್ತವಾಗಿ ಟೀಕಿಸಲು ಯುದ್ಧಕಾಲದ ನಿರ್ಬಂಧಗಳು ಎಡೆಗೊಡಲಿಲ್ಲ.

ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಇವರು ಯುದ್ಧಕಾಲದ ಶಿಶುಗೃಹಗಳನ್ನು ನಡೆಸಿದರು. ತಾಯಿ ಬಳಿಯಲ್ಲಿದ್ದರೆ ಮಕ್ಕಳು ಬಾಂಬಿನ ಸದ್ದನ್ನು ಬಹುಮಟ್ಟಿಗೆ ಸಹಿಸುವರು, ತಾಯಿಯ ಅಗಲಿಕೆಯನ್ನು ಸಹಿಸಲಾರರು ಎಂಬುದು ಅವರಿಗೆ ಕಂಡುಬಂದಿತು. ಆ ಶಿಶುಗೃಹದಲ್ಲಿ ಮೊದಲು ಬಾಯ್ಲರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಜೇಮ್ಸ್ ರಾಬರ್ಟ್‌ಸನ್ ಎಂಬವರು ಮುಂದೆ ಬೌಲ್ಬಿಯವರ ಸಹಕಾರಿಯಾಗಿ, ಎರಡು ವರ್ಷದ ಬಾಲಿಕೆಯೊಬ್ಬಳು ಆಸ್ಪತ್ರೆಯಲ್ಲಿ ಒಂಟಿಯಾಗಿ ಕಳೆದ ಎಂಟು ದಿನಗಳನ್ನು ಚಲನಚಿತ್ರವಾಗಿ ತೆಗೆದರು. ೧೯೫೨ರಲ್ಲಿ ಅದನ್ನು ಲಂಡನ್ನಿನ ವೈದ್ಯರ ಸಭೆಗೆ ತೋರಿಸಿದಾಗ ಸಭಿಕರಲ್ಲಿ ಅನೇಕರು ಕೋಪಗೊಂಡರು. ಆಸ್ಪತ್ರೆಗಳಲ್ಲಿ ತಂದೆತಾಯಿಗಳಿಗೆ ವಾರಕ್ಕೊಂದೆರಡು ಸಲ ಮಾತ್ರ, ಕೆಲವೆಡೆ ಅದೂ ಇಲ್ಲದೆ, ಪ್ರವೇಶವಿದ್ದ ಕಾಲವದು. ಸದ್ದಿಲ್ಲದೆ ಮಲಗಿರುವ ಮಗು ಹೊಂದಿಕೊಂಡಿದೆಯೆಂದು ವೈದ್ಯರು ತಿಳಿಯುತ್ತಿದ್ದರು. ಆ ಮೌನವು ನಿರಾಶೆಯ ಮೌನವೆಂದು ಚಿತ್ರವು ತೋರಿಸಿತು. ಏಳು ವರ್ಷಗಳ ಮೇಲೆ, ೧೯೫೯ರಲ್ಲಿ, ಸರಕಾರವು ನೇಮಿಸಿದ್ದ ಪ್ಲಾಟ್ ಸಮಿತಿಯು ಆಸ್ಪತ್ರೆಯಲ್ಲಿರುವ ಮಕ್ಕಳನ್ನು ನೋಡಲು ತಂದೆತಾಯಿಗಳಿಗೆ ಅಡ್ಡಿಯಿರಕೂಡದೆಂದು ಶಿಫಾರಸು ಮಾಡಿತು.

ಮಗುವಿನ ದುಃಖವು ನಿಜವಾದುದೆಂಬುದು ಈ ಪ್ರಯತ್ನಗಳಿಂದ ಸ್ಥಾಪಿತವಾಯಿತು. ಆದರೆ ಆ ದುಃಖವು ಮುಪ್ಪಿನವರೆಗೂ ಹಿಂಬಾಲಿಸುವುದೆ, ಶರೀರವನ್ನೂ ಕೆಡಿಸುವುದೆ ಎಂಬುದನ್ನು ಹೇಳಲು ಅಂದಿನವರಿಗೆ ಸಾಧ್ಯವಿರಲಿಲ್ಲ. ಅದಕ್ಕೆ ಆ ಮಕ್ಕಳು ಮುದುಕರಾಗುವವರೆಗೆ ಕಾಯಬೇಕಾಗಿತ್ತು. ಅವರು ಯಾರು, ಯಾವಾಗ, ಎಷ್ಟು ಕಾಲ ಅಗಲಿದ್ದರೆಂಬುದಕ್ಕೆ ನಂಬತಕ್ಕ ಲಿಖಿತವೂ ಬೇಕಾಗಿತ್ತು.

೪

ಅಂತಹ ಲಿಖಿತವು ಫಿನ್ಲೆಂಡಿನಲ್ಲಿತ್ತು. ಅಲ್ಲಿ ೧೯೨೦ರಲ್ಲಿ ಮಕ್ಕಳ ಹಿತರಕ್ಷಣೆಗಾಗಿ ಜನರಲ್ ಮಾನರ್‌ಹೈಮ್ ಅವರ ಹೆಸರಿನ ಸಂಘವೊಂದು ಹುಟ್ಟಿತು. ಶಿಶುವೈದ್ಯ ಆರ್ವೊ ಯುಲ್ಪ್ಪೊ ಅವರ ಮುಂದಾಳುತನದಲ್ಲಿ ೧೯೨೨ರಿಂದ ಹೆಲ್ಸಿಂಕಿಯಲ್ಲಿ ಶಿಶುಕಲ್ಯಾಣ ಕೇಂದ್ರಗಳು ಮೊದಲಾದವು. ಹುಟ್ಟಿದ ಕೂಸುಗಳನ್ನು ಅಲ್ಲಿ ಮತ್ತೆ ಮತ್ತೆ ತೂಗಿ ಅಳೆದು ಬರೆದಿಡುತ್ತಿದ್ದರು. ಅಂದಂದಿನ ಶಿಶುಪಾಲನೆಗಾಗಿ ಬರೆದ ಈ ದಾಖಲೆಗಳು ಬಹುಕಾಲ ಕಪಾಟುಗಳಲ್ಲಿದ್ದು, ಇಪ್ಪತ್ತನೆಯ ಶತಮಾನದ ಕೊನೆಗೆ ಸಂಶೋಧಕರ ಕಣ್ಣಿಗೆ ಬಿದ್ದವು. ಗರ್ಭದಲ್ಲಿಯೂ ಶೈಶವದಲ್ಲಿಯೂ ಆದ ಬೆಳವಣಿಗೆಗೂ ಮುಂದಿನ ಹೃದ್ರೋಗಕ್ಕೂ ಸಂಬಂಧವುಂಟೆಂದು ವಾದಿಸುತ್ತಿದ್ದ ಇಂಗ್ಲೆಂಡಿನ ಡೇವಿಡ್ ಬಾರ್ಕರ್, ಫಿನ್ಲೆಂಡಿನ ಯೊಹಾನ್ ಎರಿಕ್ಸನ್ ಮೊದಲಾದವರು ಇವನ್ನು ಆಧಾರವಾಗಿರಿಸಿಕೊಂಡರು. ೧೯೩೪ರಿಂದ ೧೯೪೪ರ ನಡುವೆ ಹೆಲ್ಸಿಂಕಿಯಲ್ಲಿ ಹುಟ್ಟಿದ ೧೩,೩೪೫ ಮಂದಿಯ ಬಾಳನ್ನು ಅನುಸರಿಸುವ ದೊಡ್ಡ ಅಧ್ಯಯನವು ಹೀಗೆ ರೂಪುಗೊಂಡಿತು. ಅವರ ಪೈಕಿ ಸುಮಾರು ೨,೦೦೦ ಮಂದಿಯನ್ನು ೨೦೦೧ರಿಂದ ೨೦೦೪ರವರೆಗೆ ವೈದ್ಯರು ಪ್ರತ್ಯಕ್ಷವಾಗಿ ಪರೀಕ್ಷಿಸಿದರು. ಅವರೆಲ್ಲ ಆಗ ಅರುವತ್ತರ ಆಸುಪಾಸಿನವರು.

ಎರಡನೆಯ ದಾಖಲೆಯು ರಾಷ್ಟ್ರೀಯ ಪತ್ರಾಗಾರದಲ್ಲಿತ್ತು. ಯುದ್ಧಕಾಲದಲ್ಲಿ ಕಳುಹಿಸಲಾದ ಮಕ್ಕಳ ಹೆಸರು, ಹೊರಟ ದಿನ, ಮರಳಿದ ದಿನಗಳನ್ನು ಅಧಿಕಾರಿಗಳು ಬರೆದಿಟ್ಟಿದ್ದರು. ಮಕ್ಕಳನ್ನು ಮತ್ತೆ ಅವರವರ ಮನೆ ಸೇರಿಸುವುದಕ್ಕಾಗಿ ಮಾಡಿದ ಏರ್ಪಾಟದು. ಆರೋಗ್ಯದ ವಿಚಾರ ಅದನ್ನು ಬರೆದ ಗುಮಾಸ್ತರ ಮನಸ್ಸಿನಲ್ಲಿರಲಿಲ್ಲ. ಸಂಶೋಧಕರು ಈ ಎರಡು ದಾಖಲೆಗಳನ್ನು ತಾಳೆ ಹಾಕಿದಾಗ, ಹೆಲ್ಸಿಂಕಿಯಲ್ಲಿ ಹುಟ್ಟಿದವರಲ್ಲಿ ಯಾರು ಒಂಟಿಯಾಗಿ ಹೋಗಿದ್ದರು, ಯಾರು ಮನೆಯಲ್ಲಿಯೇ ಉಳಿದಿದ್ದರು ಎಂಬುದು ನಿಶ್ಚಿತವಾಗಿ ತಿಳಿದುಬಂದಿತು. ಮುದುಕರ ನೆನಪನ್ನು ಕೇಳಿ ಕಟ್ಟಿದ ಲೆಕ್ಕವಲ್ಲವಾದುದರಿಂದ ಇದಕ್ಕೆ ವಿಶೇಷವಾದ ಬೆಲೆಯುಂಟು. ರೋಗದಿಂದ ನೊಂದವನು ತನ್ನ ಬಾಲ್ಯವನ್ನು ಇದ್ದುದಕ್ಕಿಂತ ಕಪ್ಪಾಗಿ ನೆನೆಯಬಹುದು. ಯುದ್ಧಕಾಲದ ಗುಮಾಸ್ತನ ಬರೆಹಕ್ಕೆ ಅಂತಹ ಒಲವಿಲ್ಲ.

ತಾಳೆಯ ಫಲವು ಗಂಭೀರವಾಗಿದ್ದಿತು. ಅನು-ಕಾತ್ರಿನಾ ಪೆಸೊನೆನ್ ಮತ್ತು ಅವರ ಸಂಗಡಿಗರು ೨೦೦೭ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ತಂದೆತಾಯಿಗಳಿಂದ ಅಗಲಿದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಅರುವತ್ತರ ವಯಸ್ಸಿನಲ್ಲಿಯೂ ಉಳಿದವರಿಗಿಂತ ಅಧಿಕವಾಗಿದ್ದವು. ೨೦೦೯ರಲ್ಲಿ ಹನ್ನಾ ಅಲಾಸ್ತಾಲೊ ಮೊದಲಾದವರು ಪ್ರಕಟಿಸಿದ ಫಲಿತಾಂಶದಲ್ಲಿ ಹೃದಯ ಮತ್ತು ರಕ್ತನಾಳಗಳ ರೋಗವೂ, ಎರಡನೆಯ ಬಗೆಯ ಮಧುಮೇಹವೂ ಅಗಲಿದ್ದವರಲ್ಲಿ ಹೆಚ್ಚಾಗಿ ಕಂಡವು. ಮುಂದಿನ ಪರೀಕ್ಷೆಗಳಲ್ಲಿ ರಕ್ತದೊತ್ತಡವೂ ಅವರಲ್ಲಿ ಹೆಚ್ಚೆಂದು ತಿಳಿಯಿತು. ಆಹಾರದ ದೃಷ್ಟಿಯಿಂದ ನೋಡಿದರೆ, ಸ್ವೀಡನ್ನಿಗೆ ಹೋದವರು ಊರಲ್ಲಿ ಉಳಿದವರಿಗಿಂತ ಚೆನ್ನಾಗಿಯೇ ಉಂಡಿದ್ದರು. ಹಾಲು ಬೆಣ್ಣೆಗಳ ನಡುವೆ ಬೆಳೆದರೂ ಆ ಒಂದು ಅಗಲಿಕೆಯ ಗುರುತು ಮಾಸದೆ ಉಳಿದಂತಾಯಿತು.

೫

ಇದು ಹೇಗೆ ಸಂಭವಿಸುತ್ತದೆ? ಭಯವುಂಟಾದಾಗ ಮಿದುಳಿನ ಆಜ್ಞೆಯಂತೆ, ಮೂತ್ರಪಿಂಡಗಳ ಮೇಲೆ ಟೋಪಿಯಂತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಮುಂತಾದ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ರಕ್ತದಲ್ಲಿ ಸಕ್ಕರೆಯೇರುವುದು, ಒತ್ತಡವೇರುವುದು, ದೇಹವು ಓಟಕ್ಕೋ ಹೋರಾಟಕ್ಕೋ ಸಿದ್ಧವಾಗುವುದು. ಅಪಾಯ ಕಳೆದ ಬಳಿಕ ಎಲ್ಲವೂ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಎಳೆಯ ಮಗುವಿಗೆ ಹೀಗೆ ಇಳಿಯುವ ಶಕ್ತಿ ಸ್ವತಂತ್ರವಾಗಿರುವುದಿಲ್ಲ. ಎತ್ತಿಕೊಂಡು ಸಂತೈಸುವ ಪರಿಚಿತ ತೋಳುಗಳೇ ಆ ಕೆಲಸ ಮಾಡುತ್ತವೆ. ಅವು ದೀರ್ಘಕಾಲ ಇಲ್ಲವಾದರೆ ಬೆಳೆಯುತ್ತಿರುವ ಮಿದುಳು ಜಗತ್ತು ಅಪಾಯಕರವೆಂದೇ ಲೆಕ್ಕ ಹಾಕಿ, ಎಚ್ಚರದ ಮಟ್ಟವನ್ನು ಎತ್ತರದಲ್ಲಿಯೇ ನಿಲ್ಲಿಸಿಕೊಳ್ಳುತ್ತದೆ. ಇದರ ಸವಕಲು ವರ್ಷ ವರ್ಷಕ್ಕೂ ಸೇರುತ್ತ ಹೋಗುವುದು. ಬ್ರೂಸ್ ಮೆಕ್ಯುಯೆನ್ ಮತ್ತು ಎಲಿಯಟ್ ಸ್ಟೆಲ್ಲರ್ ಎಂಬ ಅಮೆರಿಕದ ವಿಜ್ಞಾನಿಗಳು ೧೯೯೩ರಲ್ಲಿ ಈ ಸಂಚಿತ ಭಾರಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದರು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಮರೆತುಹೋದ ಸಾಲದ ಮೇಲೆ ಬಡ್ಡಿಯು ಬೆಳೆಯುತ್ತಲೇ ಇರುವುದು. ಹೆಲ್ಸಿಂಕಿಯ ಆ ವೃದ್ಧರನ್ನು ಸಭೆಯ ಮುಂದೆ ಮಾತಾಡಿಸಿ ಲೆಕ್ಕ ಕೇಳುವಂತಹ ಕಸಿವಿಸಿಯ ಪರೀಕ್ಷೆಗೆ ಒಳಪಡಿಸಿದಾಗ, ಬಾಲ್ಯದಲ್ಲಿ ಅಗಲಿದ್ದವರ ಕಾರ್ಟಿಸಾಲ್ ಪ್ರಮಾಣ ಉಳಿದವರದಕ್ಕಿಂತ ಹೆಚ್ಚಾಗಿದ್ದಿತು.

ಅಗಲಿಕೆಯೊಂದೇ ಇಂತಹ ಆಘಾತವಲ್ಲ. ಅಮೆರಿಕದ ಸ್ಯಾನ್ ಡಿಯೇಗೊ ನಗರದಲ್ಲಿ ವಿನ್ಸೆಂಟ್ ಫೆಲಿಟಿ ಎಂಬ ವೈದ್ಯರು ೧೯೮೦ರ ದಶಕದಲ್ಲಿ ಸ್ಥೂಲಕಾಯರ ಚಿಕಿತ್ಸೆ ನಡೆಸುತ್ತಿದ್ದರು. ತೂಕ ಇಳಿಯುತ್ತಿದ್ದವರೇ ಚಿಕಿತ್ಸೆಯನ್ನು ಬಿಟ್ಟುಹೋಗುತ್ತಿದ್ದುದು ಅವರಿಗೆ ಸಮಸ್ಯೆಯಾಯಿತು. ವಿಚಾರಿಸಿದಾಗ ಅವರಲ್ಲಿ ಬಹಳ ಮಂದಿ ಬಾಲ್ಯದಲ್ಲಿ ದೌರ್ಜನ್ಯಕ್ಕೊಳಗಾದವರೆಂದು ತಿಳಿಯಿತು. ಅಲ್ಲಿಂದ ಮುಂದೆ ರಾಬರ್ಟ್ ಆಂಡಾ ಅವರೊಡಗೂಡಿ ೯,೫೦೮ ಮಂದಿಯ ಉತ್ತರಗಳನ್ನು ಪರಿಶೀಲಿಸಿ ೧೯೯೮ರಲ್ಲಿ ಪ್ರಕಟಿಸಿದ ಲೇಖನ ಪ್ರಸಿದ್ಧವಾಗಿದೆ. ಹೊಡೆತ, ಬಯ್ಗಳು, ಲೈಂಗಿಕ ದೌರ್ಜನ್ಯ, ತಾಯಿಗೆ ಬೀಳುವ ಪೆಟ್ಟನ್ನು ಕಾಣುವುದು, ಮನೆಯಲ್ಲಿ ಕುಡುಕರೋ ಮನೋರೋಗಿಗಳೋ ಸೆರೆಮನೆ ಸೇರಿದವರೋ ಇರುವುದು ಎಂಬಿವನ್ನು ಏಳು ವಿಧವಾಗಿ ಅವರು ವಿಂಗಡಿಸಿದ್ದರು. ಉತ್ತರಿಸಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಒಂದಾದರೂ ವಿಧವನ್ನು ಅನುಭವಿಸಿದ್ದರು. ನಾಲ್ಕು ಅಥವಾ ಹೆಚ್ಚು ವಿಧಗಳನ್ನು ಕಂಡವರಲ್ಲಿ ಮದ್ಯಪಾನದ ಚಟ, ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳ ಸಂಭವವು ಏನನ್ನೂ ಕಾಣದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚು. ಹೃದ್ರೋಗ, ಕ್ಯಾನ್ಸರ್, ಶ್ವಾಸಕೋಶದ ರೋಗಗಳೂ ಈ ಎಣಿಕೆಯೊಡನೆ ಏರುತ್ತ ಹೋದವು.

೬

ಇಷ್ಟರಿಂದ ಆತುರದ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಯಾವ ಮನೆಯ ಮಕ್ಕಳು ಸ್ವೀಡನ್ನಿಗೆ ಹೋದರು? ಬಡವರ, ನಿರಾಶ್ರಿತರ, ರೋಗಪೀಡಿತರ ಮನೆಗಳ ಮಕ್ಕಳು ಹೆಚ್ಚಾಗಿ ಹೋದರು. ಅವರ ಮುಪ್ಪಿನ ರೋಗಕ್ಕೆ ಅಗಲಿಕೆ ಕಾರಣವೋ, ಮೊದಲಿನ ಬಡತನ ಕಾರಣವೋ ಎಂಬ ಆಕ್ಷೇಪಕ್ಕೆ ಎಡೆಯುಂಟು. ತೂರ್ಸ್ತೆನ್ ಸಂತವಿರ್ತಾ ಮೊದಲಾದ ಸಂಶೋಧಕರು ಇದಕ್ಕೆ ಸಮರ್ಪಕವಾದ ಉಪಾಯವನ್ನು ಕಂಡುಹಿಡಿದರು. ಅನೇಕ ಮನೆಗಳಿಂದ ಒಂದು ಮಗು ಹೋಗಿ ಇನ್ನೊಂದು ಉಳಿದಿತ್ತು. ಅಣ್ಣತಮ್ಮಂದಿರನ್ನು, ಅಕ್ಕತಂಗಿಯರನ್ನು ಪರಸ್ಪರ ಹೋಲಿಸಿದರೆ ತಂದೆತಾಯಿಗಳೂ ಬಡತನವೂ ಇಬ್ಬರಿಗೂ ಒಂದೇ ಆಗಿರುತ್ತವೆ.

೨೦೧೫ರಲ್ಲಿ ಪ್ರಕಟವಾದ ಈ ಹೋಲಿಕೆಯ ಫಲಿತಾಂಶವು ಮೊದಲಿನದಕ್ಕಿಂತ ಸೂಕ್ಷ್ಮವಾಗಿದೆ. ಮನೋರೋಗಕ್ಕಾಗಿ ಆಸ್ಪತ್ರೆ ಸೇರುವ ಸಂಭವವನ್ನು ಒಟ್ಟಾಗಿ ನೋಡಿದಾಗ ಹೋದವರಿಗೂ ಉಳಿದವರಿಗೂ ಗಣನೀಯವಾದ ಅಂತರವಿರಲಿಲ್ಲ. ಹೆಂಗಸರಲ್ಲಿ ಮಾತ್ರ, ಖಿನ್ನತೆ ಮೊದಲಾದ ಭಾವರೋಗಗಳಿಗಾಗಿ ಆಸ್ಪತ್ರೆ ಸೇರಿದವರು ಹೋದವರ ಗುಂಪಿನಲ್ಲಿ ಸುಮಾರು ಎರಡರಷ್ಟಿದ್ದರು. ಅವರೇ ೨೦೧೮ರಲ್ಲಿ ಮುಂದಿನ ತಲೆಮಾರನ್ನು ಪರಿಶೀಲಿಸಿ, ಬಾಲ್ಯದಲ್ಲಿ ಹೊರದೇಶಕ್ಕೆ ಹೋಗಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ, ಊರಲ್ಲಿ ಉಳಿದ ಚಿಕ್ಕಮ್ಮ ದೊಡ್ಡಮ್ಮಂದಿರ ಹೆಣ್ಣುಮಕ್ಕಳಿಗಿಂತ ಇಂತಹ ರೋಗಗಳು ಹೆಚ್ಚೆಂದು ತೋರಿಸಿದರು. ಯುದ್ಧವನ್ನು ಕಣ್ಣಾರೆ ಕಾಣದ ಮಗಳು ತಾಯಿಯ ಅಗಲಿಕೆಯ ಭಾರವನ್ನು ಹೊತ್ತಿದ್ದಳೆಂದಾಯಿತು.

ಇದರಿಂದ ಎರಡು ಮಾತು ಸಿದ್ಧಿಸುತ್ತವೆ. ಅಗಲಿದ ಮಕ್ಕಳಲ್ಲಿ ಬಹುಮಂದಿ ಆರೋಗ್ಯವಂತರಾಗಿಯೇ ಬಾಳಿದರು. ಆಘಾತವೆಂಬುದು ಹಣೆಯಬರೆಹವಲ್ಲ, ಸಂಭವವನ್ನು ಹೆಚ್ಚಿಸುವ ಒಂದು ಕಾರಣ. ಗುಂಪಿನ ವಿಷಯದಲ್ಲಿ ಸತ್ಯವಾದ ಲೆಕ್ಕವನ್ನು ಒಬ್ಬ ವ್ಯಕ್ತಿಯ ಮೇಲೆ ಹೇರಿ 'ನಿನಗೆ ಈ ರೋಗ ಬಂದೇ ಬರುವುದು' ಎನ್ನಲಾಗದು. ಆದರೆ ಆ ಕಾರಣವೇ ಇಲ್ಲವೆನ್ನುವ ಹಳೆಯ ನಿಶ್ಚಿಂತೆಗೂ ಇನ್ನು ಆಸ್ಪದವಿಲ್ಲ.

ಆಗಿಹೋದ ಆಘಾತವನ್ನು ಪರಿಹರಿಸಬಹುದೆ? ಇದಕ್ಕೆ ಉತ್ತರವು ರುಮೇನಿಯಾದಿಂದ ದೊರೆತಿದೆ. ೧೯೮೯ರಲ್ಲಿ ಅಲ್ಲಿನ ಚೌಶೆಸ್ಕು ಆಡಳಿತ ಉರುಳಿದಾಗ ಸರಕಾರಿ ಅನಾಥಾಲಯಗಳಲ್ಲಿ ಲಕ್ಷಕ್ಕೂ ಮಿಕ್ಕಿದ ಮಕ್ಕಳು ಆರೈಕೆಯಿಲ್ಲದೆ ಇದ್ದುದು ಜಗತ್ತಿಗೆ ಗೋಚರಿಸಿತು. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಅಮೆರಿಕದ ವಿದ್ವಾಂಸರು ೨೦೦೦ದಲ್ಲಿ ಬುಖಾರೆಸ್ಟ್ ನಗರದಲ್ಲಿ ೧೩೬ ಮಕ್ಕಳ ಅಧ್ಯಯನವನ್ನು ಆರಂಭಿಸಿ, ಚೀಟಿಯೆತ್ತಿದಂತೆ ಅರ್ಧದಷ್ಟು ಮಕ್ಕಳಿಗೆ ಸಾಕುಮನೆಗಳನ್ನು ಒದಗಿಸಿದರು. ಸಾಕುಮನೆ ಸೇರಿದವರ ಬುದ್ಧಿ ಬೆಳವಣಿಗೆಯೂ ಮಮತೆಯ ಸಂಬಂಧಗಳೂ ಸುಧಾರಿಸಿದವು. ಎರಡು ವರ್ಷ ತುಂಬುವುದರೊಳಗೆ ಸೇರಿದವರಲ್ಲಿ ಈ ಸುಧಾರಣೆ ಹೆಚ್ಚಾಗಿ ಕಂಡಿತು. ಪರಿಹಾರವುಂಟು, ತಡಮಾಡಬಾರದು ಎಂಬುದು ಇದರ ತಾತ್ಪರ್ಯ. ಮಗುವಿಗೆ ಬೇಕಾದುದು ತನ್ನದೆಂದು ನಂಬಬಹುದಾದ ಒಬ್ಬ ಹಿರಿಯ ವ್ಯಕ್ತಿ. ಅದು ತಾಯಿಯಾದೀತು, ಅಜ್ಜಿಯಾದೀತು, ಸಾಕುತಾಯಿಯೂ ಆದೀತು.

೭

ಹೊರನಾಡಿನ ಕನ್ನಡಿಗರಿಗೆ ಈ ದೂರದೇಶದ ವೃತ್ತಾಂತದಿಂದ ಆಗತಕ್ಕ ಪ್ರಯೋಜನವೇನೆಂದು ಕೇಳಬಹುದು. ನಮ್ಮ ಮುಂಬಯಿಯ ಚರಿತ್ರೆಯಲ್ಲಿಯೂ ಒಂಟಿಯಾಗಿ ಬಂದ ಮಕ್ಕಳ ಅಧ್ಯಾಯವೊಂದುಂಟು. ಇಪ್ಪತ್ತನೆಯ ಶತಮಾನದುದ್ದಕ್ಕೂ ತುಳುನಾಡಿನಿಂದಲೂ ನೆರೆಯ ಕನ್ನಡ ಪ್ರದೇಶಗಳಿಂದಲೂ ಹತ್ತು ಹನ್ನೆರಡು ವಯಸ್ಸಿನ ಹುಡುಗರು ಹಡಗಿನಲ್ಲಿ, ಬಸ್ಸಿನಲ್ಲಿ ಈ ನಗರಕ್ಕೆ ಬಂದರು. ಪರಿಚಿತರ ಕೈಹಿಡಿದು ಬಂದವರು ಕೆಲವರಾದರೆ, ಮನೆಯಲ್ಲಿ ಹೇಳದೆ ಓಡಿಬಂದವರು ಕೆಲವರು. ಹೊಟೇಲುಗಳಲ್ಲಿಯೂ ಕ್ಯಾಂಟೀನುಗಳಲ್ಲಿಯೂ ಲೋಟ ತೊಳೆದು, ಮೇಜು ಒರೆಸಿ, ಹಗಲು ದುಡಿದರು. ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ರಾತ್ರಿ ಹೊಟೇಲಿನ ನೆಲದ ಮೇಲೆ ಮಲಗಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ ಮೊದಲಾದ ಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳು ಈ ಮಕ್ಕಳಿಗೆ ಅಕ್ಷರವನ್ನು ಕೊಟ್ಟವು. ಹಗಲೆಲ್ಲ 'ಪೋರ'ನೆಂದು ಕರೆಯಿಸಿಕೊಂಡವನನ್ನು ಹೆಸರು ಹಿಡಿದು ಕೂಗುವ ಮೇಷ್ಟರನ್ನೂ ಕೊಟ್ಟವು. ಮೇಲೆ ಹೇಳಿದ 'ಒಬ್ಬ ಹಿರಿಯ ವ್ಯಕ್ತಿ' ಅನೇಕರಿಗೆ ದೊರೆತುದು ಅಲ್ಲಿಯೇ ಎಂದು ಊಹಿಸಲು ಅವಕಾಶವುಂಟು.

ಈ ಹುಡುಗರಲ್ಲಿ ಕೆಲವರು ಹೊಟೇಲುಗಳ ಯಜಮಾನರಾದರು, ವಕೀಲರಾದರು, ಬ್ಯಾಂಕು ಕಚೇರಿಗಳನ್ನು ಸೇರಿದರು, ಸಾಹಿತಿಗಳೂ ಆದರು. ಸನ್ಮಾನಸಮಾರಂಭಗಳಲ್ಲಿ ನಾವು ಅವರ ಬಾಲ್ಯವನ್ನು ಏಣಿಯ ಮೊದಲ ಮೆಟ್ಟಲೆಂಬಂತೆ ವರ್ಣಿಸುತ್ತೇವೆ. ಆ ಸಾಹಸವು ನಿಜವಾದುದು; ಗೌರವಾರ್ಹವಾದುದು. ಆದರೆ ಏಣಿ ಹತ್ತಲಾಗದೆ ಉಳಿದವರ ಹೆಸರು ನಮ್ಮ ಸ್ಮರಣಸಂಚಿಕೆಗಳಲ್ಲಿಲ್ಲ. ಹತ್ತಿದವರ ವಿಷಯದಲ್ಲಿಯೂ, ಹತ್ತು ವರ್ಷದ ಹುಡುಗನು ಮೊದಲ ರಾತ್ರಿಯನ್ನು ಹೇಗೆ ಕಳೆದನು, ಎಷ್ಟು ಕಾಲಕ್ಕೊಮ್ಮೆ ತಾಯಿಯ ಮುಖ ಕಂಡನು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದವರು ಯಾರು ಎಂಬುದನ್ನು ಯಾರೂ ಕೇಳಿ ಬರೆದಿಲ್ಲ. ಅವರ ಐವತ್ತನೆಯ ವಯಸ್ಸಿನ ಮಧುಮೇಹವನ್ನೂ ರಕ್ತದೊತ್ತಡವನ್ನೂ ಹೊಟೇಲಿನ ಊಟದ, ನಿದ್ದೆಗೇಡಿನ ಖಾತೆಗೆ ಬರೆದು ಸುಮ್ಮನಾಗಿದ್ದೇವೆ. ಆ ಕಾರಣಗಳೂ ಇರಬಹುದು. ಅವುಗಳ ಜೊತೆಯಲ್ಲಿ ಇನ್ನೊಂದು ಕಾರಣವೂ ಇದ್ದಿತೆ ಎಂಬುದನ್ನು ತಿಳಿಯಲು ಹೆಲ್ಸಿಂಕಿಯಲ್ಲಿದ್ದಂತಹ ಪುಸ್ತಕಗಳು ನಮ್ಮಲ್ಲಿಲ್ಲ.

ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೊಟೇಲುಗಳಲ್ಲಿಯೂ ಮನೆಗೆಲಸದಲ್ಲಿಯೂ ದುಡಿಸಿಕೊಳ್ಳುವುದನ್ನು ಭಾರತ ಸರಕಾರವು ೨೦೦೬ರ ಅಕ್ಟೋಬರ್ ೧೦ರಿಂದ ನಿಷೇಧಿಸಿತು. ೨೦೧೬ರ ತಿದ್ದುಪಡಿಯು ಈ ನಿಷೇಧವನ್ನು ಬಹುಮಟ್ಟಿಗೆ ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ಕಾನೂನು ಮುಂದಿನ ಮಕ್ಕಳನ್ನು ಕಾಯಬಲ್ಲುದು. ಹಿಂದಿನವರ ಲೆಕ್ಕವನ್ನು ಅದು ಬರೆಯಲಾರದು. ೧೯೫೦, ೧೯೬೦ರ ದಶಕಗಳಲ್ಲಿ ಹಾಗೆ ಬಂದವರು ಇಂದು ಎಂಬತ್ತರ ಹತ್ತಿರದಲ್ಲಿದ್ದಾರೆ. ನಮ್ಮ ಸಂಘಗಳ ಸಭಾಗೃಹಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವವರೂ ಅವರೇ.

ಆದಕಾರಣ ಒಂದು ಸೂಚನೆಯನ್ನು ವಿದ್ವಾಂಸರ ಮುಂದಿಡಬಯಸುತ್ತೇನೆ. ರಾತ್ರಿಶಾಲೆಗಳ ಹಳೆಯ ದಾಖಲಾತಿ ಪುಸ್ತಕಗಳು ಎಲ್ಲೆಲ್ಲಿ ಉಳಿದಿವೆಯೋ ಅವನ್ನು ಗೆದ್ದಲಿಗೆ ಬಿಡದೆ ರಕ್ಷಿಸಬೇಕು. ಹುಡುಗನ ಹೆಸರು, ಊರು, ವಯಸ್ಸು, ಸೇರಿದ ದಿನ, ಬಿಟ್ಟ ದಿನ ಇಷ್ಟಿದ್ದರೂ ಅದು ಚರಿತ್ರೆಗೆ ಆಧಾರವೇ. ಅದರೊಡನೆ, ಒಪ್ಪಿಗೆಯಿತ್ತ ಹಿರಿಯರನ್ನು ಮೃದುವಾಗಿ ಮಾತಾಡಿಸಿ, ಯಾವ ವಯಸ್ಸಿನಲ್ಲಿ ಬಂದಿರಿ, ಯಾರೊಡನೆ ಬಂದಿರಿ, ಮನೆಗೆ ಕಾಗದ ಬರೆಯುತ್ತಿದ್ದಿರೆ, ನಿಮ್ಮನ್ನು ನೋಡಿಕೊಂಡವರು ಯ���ರು, ಮುಂದೆ ನಿಮ್ಮ ಆರೋಗ್ಯ ಹೇಗಿತ್ತು ಎಂಬ ನಾಲ್ಕೈದು ಪ್ರಶ್ನೆಗಳಿಗೆ ಉತ್ತರಗಳನ್ನು ಬರೆದಿಡಬೇಕು. ಹೇಳಲಿಚ್ಛಿಸದವರನ್ನು ಒತ್ತಾಯಿಸತಕ್ಕದ್ದಲ್ಲ, ಮುಚ್ಚಿಟ್ಟುಕೊಂಡ ನೋವನ್ನು ಕೆದಕುವುದು ಸಂಶೋಧನೆಯಾಗಲಾರದು. ಆದರೆ ಎಷ್ಟೋ ಜನರಿಗೆ, ತಮ್ಮ ಬಾಳಿನಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಯಾರಾದರೂ ಕೇಳಿದರೆ ಸಾಕು, ಉತ್ತರ ಬಾಯಲ್ಲಿಯೇ ಇರುವುದು.

ಕೂಸುಗಳ ತೂಕವನ್ನು ಬರೆದಿಟ್ಟ ಹೆಲ್ಸಿಂಕಿಯ ದಾದಿಯರಿಗೆ ತಾವು ಮುಂದಿನ ಶತಮಾನದ ವೈದ್ಯಶಾಸ್ತ್ರಕ್ಕಾಗಿ ಬರೆಯುತ್ತಿದ್ದೇವೆಂಬ ಕಲ್ಪನೆಯಿರಲಿಲ್ಲ. ಎದುರಿಗಿದ್ದ ಮಗುವಿನ ಲೆಕ್ಕ ತಪ್ಪಬಾರದೆಂಬ ಶ್ರದ್ಧೆಯಿಂದ ಬರೆದರು. ಅಷ್ಟೇ ಶ್ರದ್ಧೆ ನಮ್ಮ ಹಿರಿಯರ ಬಾಲ್ಯದ ವಿಷಯದಲ್ಲಿ ನಮಗೂ ಸಾಧ್ಯವಾಗಲಿ.